ಸ್ಟೇಷನ್ ಇಲ್ಲಿದೆ, ಊರೆಲ್ಲಿ?

ರಜೆಗೆ ಬಂದ ಮೊಮ್ಮಗಳನ್ನು ಅರಸಾಳು ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ಸುತ್ತ ಮರಗಳು, ನಡುವೆ ಪುಟ್ಟದೊಂದು ಹಳೆಯ ಕಟ್ಟಡ. ಅವಳು ಆಚೀಚೆ ನೋಡಿ ಕೇಳಿದಳು: "ಅಜ್ಜ, ಸ್ಟೇಷನ್ ಇಲ್ಲಿದೆ, ಊರೆಲ್ಲಿ?"

ಸರಿಯಾದ ಪ್ರಶ್ನೆಯೇ. ಅರಸಾಳು ಹೊಸನಗರ ತಾಲ್ಲೂಕಿನಲ್ಲಿದೆ. ಆದರೆ ಹೊಸನಗರ ಪೇಟೆ ದೂರ. ರಿಪ್ಪನ್‌ಪೇಟೆ ದಾಟಿ ಹೋಗಬೇಕು. ಸಾಗರದವರಿಗೆ ಜಂಬಗಾರಿನಲ್ಲಿ ನಿಲ್ದಾಣವಿದೆ, ಅದರ ಹೆಸರೇ ಸಾಗರ ಜಂಬಗಾರು. ತೀರ್ಥಹಳ್ಳಿಗಂತೂ ಹಳಿಯೇ ಇಲ್ಲ. ತಮಾಷೆ ನೋಡಿ, ಅದೇ ತಾಲ್ಲೂಕಿನ ಕುಪ್ಪಳಿಯ ಕವಿ ಕುವೆಂಪು ಅವರ ಹೆಸರಿನ ರೈಲು ತಾಳಗುಪ್ಪ ಮತ್ತು ಮೈಸೂರಿನ ನಡುವೆ ಓಡುತ್ತದೆ!

ಇನ್ನೊಂದು ತಮಾಷೆಯೂ ಇದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದಾಗ, ಮಾಲ್ಗುಡಿ ಊರಾಗಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಮಾಲ್ಗುಡಿ ಸ್ಟೇಷನ್ ಆಗಿದ್ದು ಈ ಅರಸಾಳು. ಟಿ.ವಿ.ಯಲ್ಲಿ ಎರಡೂ ಪಕ್ಕಪಕ್ಕ. ನಿಜದಲ್ಲಿ ನಡುವೆ ಗುಡ್ಡ, ಹೊಳೆ, ಅರ್ಧ ದಿನದ ಬಸ್ ಪ್ರಯಾಣ. ಆ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು.

ಶಿವಮೊಗ್ಗದಿಂದ ಹೊರಟ ಈ ಹಳಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಆಗ ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಮುಂದೆ ಬಸ್ಸಿನಂತಹ 'ರೈಲ್‌ಬಸ್' ಇದೇ ದಾರಿಯಲ್ಲಿ ಓಡಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಈಗ ಹಳಿಗಳ ಅಂತರ 1.676 ಮೀಟರ್. ದೊಡ್ಡ ರೈಲುಗಳು ಬರುತ್ತವೆ.

"ಹಾಗಾದರೆ ಇನ್ನೂ ಹೆಚ್ಚು ರೈಲು ಯಾಕಿಲ್ಲ?" ಎಂದಳು.

ದೂರದಿಂದ ಓಡಿ ಬಂದ ರೈಲಿಗೂ ಸ್ನಾನ ಬೇಕು ಪುಟ್ಟಿ. ಬೋಗಿ ತೊಳೆಯಬೇಕು, ನೀರು ತುಂಬಿಸಬೇಕು. ಹಳಿಗಳ ನಡುವೆ ತೋಡಿದ ಗುಂಡಿಗೆ ಇಳಿದು ಗಾಲಿ, ಬ್ರೇಕ್‌ಗಳನ್ನು ಕೆಳಗಿನಿಂದ ಪರೀಕ್ಷಿಸಬೇಕು. ಆ ಜಾಗವಿಲ್ಲದೆ ಹೊಸ ರೈಲುಗಳನ್ನು ಹೊರಡಿಸುವುದು ಕಷ್ಟ. ಅದಕ್ಕೆಂದೇ ಶಿವಮೊಗ್ಗದ ಹೊರವಲಯದ ಕೋಟೆಗಂಗೂರಿನ ಡಿಪೋಗೆ 2023ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಅದೇ ದಿನ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೋಗುವ ಹೊಸ ಹಳಿಗೂ. ಅಮೃತ ಭಾರತ ಯೋಜನೆಯಲ್ಲಿ ಸಾಗರ ಜಂಬಗಾರು, ತಾಳಗುಪ್ಪ ನಿಲ್ದಾಣಗಳ ಹೆಸರೂ ಸೇರಿದೆ.

ತಾಳಗುಪ್ಪದಿಂದ ಮುಂದೆ ಹೊನ್ನಾವರಕ್ಕೆ ಹಳಿ ಬೇಕೆಂಬುದು ಹಳೆಯ ಆಸೆ. ಆದರೆ ನಡುವೆ ಶರಾವತಿ ಕಣಿವೆ. ಅಲ್ಲಿನ ಕಾಡು ಸಿಂಗಳೀಕಗಳ ಮನೆ. ಸಮುದ್ರ ನೋಡುವ ಆಸೆ ನಮಗಿದೆ, ಬೇರೆ ಮರ ಹುಡುಕುವ ದಾರಿ ಅವಕ್ಕಿಲ್ಲ. ಅದನ್ನು ನಿಧಾನವಾಗಿ ಯೋಚಿಸಿಯೇ ತೀರ್ಮಾನಿಸಬೇಕು.

ನಾವು ಮಾತಾಡುತ್ತ ರಸ್ತೆಗೆ ಬರುವಷ್ಟರಲ್ಲಿ ರಿಪ್ಪನ್‌ಪೇಟೆ ಬಸ್ಸು ಹೊರಟುಹೋಗಿತ್ತು. ಮಂಡಿನೋವಿನ ನನಗೆ ಓಡಲಾಗಲಿಲ್ಲ. ಮರದ ನೆರಳಲ್ಲಿ ಕೂತೆವು. ಮೊಮ್ಮಗಳು ನೋಟ್‌ಬುಕ್ ತೆಗೆದು ನಿಲ್ದಾಣದ ಚಿತ್ರ ಬರೆದಳು. ಗೇಟಿನ ಮುಂದೆ ಒಂದು ಬಸ್ಸನ್ನೂ ಬರೆದು, ಅದರ ಬೋರ್ಡಿನಲ್ಲಿ ಗೀಚಿದಳು: ಹೊಸನಗರ, ತೀರ್ಥಹಳ್ಳಿ.

"ರೈಲು ಬಂದ ಮೇಲೇ ಇದು ಹೊರಡೋದು ಅಜ್ಜ" ಎಂದಳು.

ಎಷ್ಟೋ ದೊಡ್ಡ ಯೋಜನೆಗಳಲ್ಲಿ ಮರೆತುಹೋಗುವ ಬಸ್ಸು ಅದು.