ಕಲೆಯ ಹೊಸ್ತಿಲು



ಚಿತ್ರಕಲೆಯನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲಿಗೇ ನಿವೇದಿಸಿಕೊಳ್ಳುತ್ತೇನೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಐ.ಟಿ.ಐ. ಮುಗಿಸಿ, 1979ರಲ್ಲಿ ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮನ್ನು ಸೇರಿ, ಮೂವತ್ತು ವರ್ಷ ಲೇತಿನ ಮುಂದೆ ನಿಂತು ನಿವೃತ್ತನಾದವನು ನಾನು. ರೇಖೆಯೆಂದರೆ ನನಗೆ ಬ್ಲೂಪ್ರಿಂಟಿನ ರೇಖೆ. ಅದಕ್ಕೆ ಒಂದೇ ಅರ್ಥ. ಆ ಅರ್ಥದಿಂದ ಕೂದಲೆಳೆಯಷ್ಟು ಆಚೀಚೆಯಾದರೂ ಮಾಲು ತಿರಸ್ಕೃತವಾಗುತ್ತಿತ್ತು. ಚಿತ್ರವೆಂದರೆ ಪೂಜೆಯ ಕೋಣೆಯ ಪಟ, ಇಲ್ಲವೇ ಗೋಡೆಯ ಕ್ಯಾಲೆಂಡರು. ಇಷ್ಟರಲ್ಲಿಯೇ ಸಂತುಷ್ಟನಾಗಿದ್ದ ನಾನು ಅರವತ್ತು ದಾಟಿದ ಮೇಲೆ ಸಮಕಾಲೀನ ಕಲೆಯೆಂಬುದರ ಬೆನ್ನು ಹತ್ತಿದ್ದು ಹೇಗೆ, ಅದರ ಬಾಗಿಲು ನಮ್ಮಂಥವರಿಗೆ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಅದಕ್ಕೆ ಮುನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ಮಗಳು ಚಿಕ್ಕಂದಿನಿಂದಲೂ ಚಿತ್ರ ಬರೆಯುತ್ತಿದ್ದಳು. ಕಾರ್ಖಾನೆಯಲ್ಲಿ ರದ್ದಾದ ಬ್ಲೂಪ್ರಿಂಟುಗಳನ್ನು ನಾನು ಮನೆಗೆ ತರುತ್ತಿದ್ದೆ. ಅವುಗಳ ಹಿಂಬದಿಯೇ ಅವಳ ಹಾಳೆ. 1998ರಲ್ಲಿ ಪಿ.ಯು.ಸಿ. ಮುಗಿದಾಗ, ಶೇಷಾದ್ರಿಪುರದಲ್ಲಿ ಕೆನ್ ಕಲಾಶಾಲೆಯೆಂಬುದೊಂದಿದೆ, ಅಲ್ಲಿಗೆ ಸೇರಿಸಿರೆಂದು ಕೇಳಿದಳು. ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದ ಮಾಸ್ತರರು ಕಟ್ಟಿ ನಡೆಸುತ್ತಿದ್ದ ಶಾಲೆಯದು. ನಾನು ಅದರ ಬಾಗಿಲನ್ನು ಕೂಡ ನೋಡದೆ, ಚಿತ್ರ ಬರೆದವರು ಹೊಟ್ಟೆ ತುಂಬ ಉಂಡದ್ದನ್ನು ಎಲ್ಲಿ ಕಂಡೆಯೆಂದು ಗದರಿ ಕಂಪ್ಯೂಟರ್ ಓದಿಗೆ ಸೇರಿಸಿದೆ. ಅದೇ ವರ್ಷ ದಾಸರಹಳ್ಳಿಗೆ ಮನೆ ಬದಲಿಸುವಾಗ, ಅವಳು ಕಾಲೇಜಿಗೆ ಹೋಗಿದ್ದ ಹೊತ್ತಿನಲ್ಲಿ, ಆ ಚಿತ್ರದ ಸುರುಳಿಗಳನ್ನೆಲ್ಲ ಹಳೆಯ ವೃತ್ತಪತ್ರಿಕೆಗಳೊಡನೆ ತೂಕಕ್ಕೆ ಹಾಕಿಬಿಟ್ಟೆ. ಸಂಜೆ ಬಂದು ಕೇಳಿದಳು. ಹೇಳಿದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಅಂದಿನಿಂದ ನನ್ನೆದುರಿಗೆ ಪೆನ್ಸಿಲು ಹಿಡಿಯಲಿಲ್ಲ, ಅಷ್ಟೇ. ಈಗ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾಳೆ. ಮಗಳನ್ನು ಸರಿಯಾದ ದಾರಿಗೆ ಹಚ್ಚಿದಿರೆಂದು ಬಂಧುಗಳು ಹೊಗಳಿದಾಗಲೆಲ್ಲ ನಾನು ತಲೆಯಾಡಿಸುತ್ತ ಬಂದೆ.

2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದವರೆಗೆ ಮೆಟ್ರೋ ಸಂಚಾರ ಆರಂಭವಾಯಿತು. ಆ ದಿನಗಳಲ್ಲಿ ಸೃಷ್ಟಿ ಕಲಾ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಮೆಟ್ರೋ ನಿಗಮದ ಒಪ್ಪಿಗೆ ಪಡೆದು ಪೀಣ್ಯ ನಿಲ್ದಾಣದ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿದ್ದರು. ‘ಆರ್ಟ್ ಇನ್ ಟ್ರಾನ್ಸಿಟ್’ ಎಂಬ ಆ ಯೋಜನೆ ಮುಂದೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಹೋಯಿತು. ಆದರೆ ಮೊದಲು ಬಂದದ್ದು ನಮ್ಮ ಪೀಣ್ಯಕ್ಕೆ. ಎಣ್ಣೆ, ಕಬ್ಬಿಣ, ಲಾರಿಗಳ ಧೂಳಿನ ಈ ಸೀಮೆಗೆ ಕಲೆ ತಾನಾಗಿ ನಡೆದು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ದಿನ ಏಣಿಯ ಮೇಲೆ ನಿಂತಿದ್ದ ಹುಡುಗಿಯೊಬ್ಬಳನ್ನು, “ಇದರ ಅರ್ಥವೇನಮ್ಮ?” ಎಂದು ಕೇಳಿದೆ. ಆಕೆ ಕುಂಚವನ್ನು ಬದಿಗಿಟ್ಟು ಇಳಿದು ಬಂದು, “ನಿಮಗೇನು ಕಾಣಿಸ್ತಿದೆ ತಾತ, ನೀವೇ ಹೇಳಿ” ಎಂದಳು. ವಾಚಕರೆ, ಮೂವತ್ತು ವರ್ಷ ರೇಖೆಗಳನ್ನು ಓದಿ ಬದುಕಿದವನು ನಾನು. ನಿನಗೇನು ಕಾಣಿಸುತ್ತದೆಯೆಂದು ಆವರೆಗೆ ಯಾರೂ ಕೇಳಿರಲಿಲ್ಲ. ತೋಚಿದ್ದನ್ನು ಹೇಳಿದೆ. ಪೀಣ್ಯದಲ್ಲಿ ಮೊದಲು ಹೊಲಗಳಿದ್ದುದನ್ನು, ರಾತ್ರಿ ಪಾಳಿಯಲ್ಲಿ ಪ್ರೆಸ್ಸುಗಳ ಸದ್ದು ನೆಲದಿಂದ ಕಾಲಿಗೆ ಏರುತ್ತಿದ್ದುದನ್ನು ಅರ್ಧ ಗಂಟೆ ಮಾತಾಡಿದೆ. ಹುಡುಗಿಗೆ ಸುಮಾರು ಹದಿನೆಂಟು ವರ್ಷ. 1998ರಲ್ಲಿ ನನ್ನ ಮಗಳಿಗೂ ಅಷ್ಟೇ ವಯಸ್ಸು.

ಅಲ್ಲಿಂದ ಕುತೂಹಲ ಮೊಳೆಯಿತು. ನಗರದ ನಡುಭಾಗದ ಒಂದು ಖಾಸಗಿ ಕಲಾ ಗ್ಯಾಲರಿಗೆ ಹೋದೆ. ಹಳೆಯ ಖಾಕಿ ಅಂಗಿಯನ್ನು ತೊಟ್ಟಿದ್ದೆನೆಂಬುದೂ ನಿಜ. ಬಾಗಿಲಿನಲ್ಲಿದ್ದ ಕಾವಲುಗಾರ, “ಸಾಮಾನು ತಂದಿದ್ದರೆ ಹಿಂದಿನ ಗೇಟಿಗೆ ಬನ್ನಿ ಸಾರ್” ಎಂದು ಮರ್ಯಾದೆಯಿಂದಲೇ ಹೇಳಿದ. ನೋಡಲು ಬಂದಿದ್ದೇನೆಂದಾಗ ಅವನಿಗೆ ನನಗಿಂತ ಹೆಚ್ಚು ಸಂಕೋಚವಾಯಿತು. ನೀನು ಒಳಗೆ ನೋಡಿದ್ದೀಯೇನಪ್ಪಾ ಎಂದು ಕೇಳಿದೆ. ಎರಡು ವರ್ಷದಿಂದ ಅಲ್ಲಿದ್ದರೂ ಚಿತ್ರಗಳ ಮುಂದೆ ನಿಂತು ನೋಡಿದವನಲ್ಲ. ಒಳಗೆ ಪ್ರತಿ ಕೃತಿಯ ಪಕ್ಕದಲ್ಲೂ ಇಂಗ್ಲಿಷಿನ ಒಂದು ಪುಟ. ನನಗೆ ತಿಳಿದಷ್ಟು ಓದಿದೆ. ಚಿತ್ರಕ್ಕಿಂತ ಆ ಪುಟವೇ ಕಠಿಣವಾಗಿತ್ತು. ಬಡವರು ಬರಬಾರದೆಂದು ಅಲ್ಲಿ ಯಾರೂ ನಿಯಮ ಬರೆದಿರಲಿಲ್ಲ. ಆದರೂ ಹೊಸ್ತಿಲು ಎತ್ತರವಾಗಿತ್ತು.

ಕೆಲವು ತಿಂಗಳ ಮೇಲೆ, ಒಂದು ಭಾನುವಾರ ಮಗಳು ಮನೆಗೆ ಬಂದಿದ್ದಾಗ, ಹಲವು ವರ್ಷಗಳ ಬಳಿಕ ಚಿತ್ರದ ಮಾತನ್ನು ನಾನಾಗಿ ಎತ್ತಿದೆ. ಈಗಿನ ಕಲೆಯೆಂದರೇನು, ಸ್ವಲ್ಪ ತಿಳಿಸಿ ಹೇಳಮ್ಮ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಂಪ್ಯೂಟರನ್ನು ತೆರೆದು ಶೀಲಾ ಗೌಡರ ಕೃತಿಗಳ ಛಾಯಾಚಿತ್ರಗಳನ್ನು ತೋರಿಸಿದಳು. ಶೀಲಾ ಗೌಡರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಶಾಂತಿನಿಕೇತನಕ್ಕೂ ಲಂಡನ್ನಿಗೂ ಹೋಗುವ ಮುನ್ನ ಅವರು ಕಲಿತದ್ದು ಕೆನ್ ಕಲಾಶಾಲೆಯಲ್ಲಿ. ಮಗಳು ಅದನ್ನು ಒತ್ತಿ ಹೇಳಲಿಲ್ಲ, ನಾನು ಕೇಳಿಸಿಕೊಂಡೆ.

1992ರ ಸುಮಾರಿನಿಂದ ಆಕೆ ಕ್ಯಾನ್ವಾಸನ್ನು ಬದಿಗಿಟ್ಟು ಸೆಗಣಿಯಿಂದ ಕೃತಿಗಳನ್ನು ಮಾಡತೊಡಗಿದರೆಂದು ಕೇಳಿ ನನಗೆ ನಗು ಬಂತು. ಮುಂದಿನ ಚಿತ್ರ 2007ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ, ಐದು ವರ್ಷಕ್ಕೊಮ್ಮೆ ನಡೆಯುವ ‘ಡಾಕ್ಯುಮೆಂಟಾ’ ಎಂಬ ಮಹಾಪ್ರದರ್ಶನದಲ್ಲಿಟ್ಟದ್ದು. ಧೂಪದ ಹಿಟ್ಟನ್ನು ನಾದಿ, ಆಕಾರ ಕೊಟ್ಟು, ತಂತಿಯ ಜಾಲರಿಯ ಮೇಲಿಟ್ಟು ಸುಟ್ಟಿದ್ದಾರೆ. ಉರಿದದ್ದು ಉರಿದುಹೋಗಿ ಬೂದಿ ಮಾತ್ರ ಆ ಆಕಾರದಲ್ಲಿಯೇ ನಿಂತಿದೆ. ಉಸಿರು ಬಿಟ್ಟರೆ ಹಾರಿಹೋದೀತು.

ನಾನು ನಗುವುದನ್ನು ನಿಲ್ಲಿಸಿದೆ. ಶ್ರೀಮಠದ ಹಳೆಯ ವಿದ್ಯಾರ್ಥಿಗಳಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಸೆಗಣಿಯ ಉಂಡೆಗಳನ್ನು ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ವಿಭೂತಿಯ ಗಟ್ಟಿ ಕಟ್ಟುವುದನ್ನು ಬಾಲ್ಯದಲ್ಲಿ ನೋಡಿದ ಕಣ್ಣುಗಳು ನಮ್ಮವು. ಪ್ರತಿ ಬೆಳಗ್ಗೆ ಹಣೆಗೆ ಧರಿಸಿದ್ದು ಬೆಂಕಿಯನ್ನು ದಾಟಿ ಉಳಿದದ್ದನ್ನೇ. ಕಲಾವಿದೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ಹೇಳುತ್ತಿಲ್ಲ. ಆಕೆಯ ಚಿಂತನೆ ಬೇರೆಯೇ ಇದ್ದೀತು. ನನಗೆ ದೊರೆತ ಬಾಗಿಲು ಅದು. ವಿದೇಶದ ವಿದ್ವಾಂಸರು ದೊಡ್ಡ ಗ್ರಂಥಗಳ ಮೂಲಕ ಹೊಕ್ಕ ಜಾಗಕ್ಕೆ ನಾನು ಹಣೆಯ ಬೂದಿಯ ನೆನಪಿನಿಂದ ಹೊಕ್ಕೆ.

ಅಷ್ಟರಲ್ಲಿ ನನ್ನ ಧರ್ಮಪತ್ನಿಯವರು ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತರು. ಅವರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ದುಡಿದವರು. ಆಗ ತೆರೆಯ ಮೇಲಿದ್ದುದು ಕೆಂಪು ಹಗ್ಗಗಳು. ಗೋಡೆಯಿಂದ ಇಳಿದು ನೆಲದ ಮೇಲೆ ಕರುಳಿನಂತೆ ಹರಿದಿವೆ, ತುದಿಯಲ್ಲಿ ಸೂಜಿಗಳ ಗೊಂಚಲು. ಒಂದೊಂದು ಸೂಜಿಯ ಕಣ್ಣಿನಲ್ಲೂ ಮೀಟರುಗಟ್ಟಲೆ ದಾರವನ್ನು ಎಳೆದು, ಆ ಎಳೆಗಳನ್ನೆಲ್ಲ ಕೂಡಿಸಿ, ಕುಂಕುಮ ಬೆರೆಸಿದ ಅಂಟನ್ನು ಸವರಿ ಮಾಡಿದ ಹಗ್ಗಗಳೆಂದು ಮಗಳು ಹೇಳಿದಳು. ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ದಾರ ಎಳೆದೋಳ ಕೈ ಎಷ್ಟು ನೊಂದಿರಬೇಕು” ಎಂದರು. ಮಗಳು ಬೆರಗಾಗಿ ತಾಯಿಯತ್ತ ತಿರುಗಿದಳು. ಆ ಕೃತಿಯ ಹೆಸರೇ, ನನ್ನ ನೋವನ್ನು ಅವನಿಗೆ ಹೇಳು ಎಂಬರ್ಥದ್ದು. ಹೆಸರನ್ನು ಅವಳಿನ್ನೂ ಹೇಳಿರಲಿಲ್ಲ. ಅದು ಮೊದಲು ರಚಿತವಾದದ್ದು 1998ರಲ್ಲಿ. ಆ ಇಸವಿಯನ್ನು ಕೇಳಿದ ಮೇಲೆ ನಾನು ಅಲ್ಲಿ ಕುಳಿತಿರಲಾರದೆ ಎದ್ದು ಹೊರಗೆ ಹೋದೆ.

ಆಮೇಲೆ ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಹಳೆಯ ಸಹೋದ್ಯೋಗಿಗಳು, ನಮ್ಮವರ ಗಾರ್ಮೆಂಟ್ಸ್ ಗೆಳತಿಯರು, ನೆರೆಯವರು ಎಂದು ಏಳೆಂಟು ಜನರನ್ನು ಕೂಡಿಸಿಕೊಂಡು ಎರಡು ಮೂರು ತಿಂಗಳಿಗೊಮ್ಮೆ ಚಿತ್ರ ನೋಡಲು ಹೋಗುತ್ತೇವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಪ್ರವೇಶಶುಲ್ಕ ಅಲ್ಪ, ಮರಗಳ ನೆರಳು ಅಪಾರ. ಮೊದಲ ಸಲ ಹೋಗುವವರಿಗೆ ಅದೇ ಲೇಸು. ಫಲಕವನ್ನು ಮೊದಲು ಓದಕೂಡದೆಂಬುದು ನಮ್ಮ ಏಕೈಕ ನಿಯಮ. ಪ್ರತಿಯೊಬ್ಬರೂ ತಮಗೆ ಕಂಡದ್ದನ್ನು ಹೇಳಬೇಕು, ಮತ್ತೊಬ್ಬರು ನಗಬಾರದು. ಪ್ರೆಸ್ಸಿನಲ್ಲಿ ಎರಡು ಬೆರಳು ಕಳೆದುಕೊಂಡ ಗೆಳೆಯರೊಬ್ಬರು ಒಂದು ಶಿಲ್ಪದ ಮುಂದೆ ಬಹಳ ಹೊತ್ತು ನಿಂತು, “ಇವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ” ಎಂದರು. ನಾನು ಕೇಳಿದ ಅತ್ಯುತ್ತಮ ಕಲಾವಿಮರ್ಶೆ ಅದೇ.

ನೋಡಿದ್ದೆಲ್ಲ ಹೊನ್ನೆಂದು ನಾನು ಹೇಳಲಾರೆ. ಬರಿಯ ಬೆಡಗಿನ, ಪೊಳ್ಳು ವಸ್ತುಗಳನ್ನೂ ಬೇಕಾದಷ್ಟು ಕಂಡಿದ್ದೇವೆ. ಟೂಲ್‌ರೂಮಿನವರ ಕಣ್ಣಿಗೆ ಒರಟು ಕೆಲಸ ಬೇಗ ಸಿಕ್ಕಿಬೀಳುತ್ತದೆ. ಆದರೆ ಫಲಕವೇ ಬೇಡದ ಕಲೆಯೂ ಉಂಟು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಬಾದಲ್ ನಂಜುಂಡಸ್ವಾಮಿಯವರು ನಿಜಗಾತ್ರದ ಮೊಸಳೆಯನ್ನು ಮಾಡಿ ಇಟ್ಟಿದ್ದು ನಿಮಗೆ ನೆನಪಿರಬಹುದು. 2019ರ ಸೆಪ್ಟೆಂಬರಿನಲ್ಲಿ, ದೇಶವೇ ಚಂದ್ರಯಾನದ ಇಳಿಯುವಿಕೆಯನ್ನು ಎದುರುನೋಡುತ್ತಿದ್ದಾಗ, ಅವರು ಹೇರೋಹಳ್ಳಿಯ ತುಂಗಾನಗರದ ಹಾಳುಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಡೆಸಿ ಚಿತ್ರೀಕರಿಸಿದರು. ಚಂದ್ರಲೋಕವೆಂದುಕೊಂಡು ನೋಡುತ್ತಿರುವಾಗಲೇ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ! ಮರುದಿನವೇ ಪಾಲಿಕೆಯವರು ಗುಂಡಿ ಮುಚ್ಚಲು ಬಂದರು. ಈ ಕಲೆ ಅರ್ಥವಾಗಲಿಲ್ಲವೆಂದು ಯಾವ ಆಟೋ ಚಾಲಕನೂ ಹೇಳಲಿಲ್ಲ.

ನೋಡುವವರನ್ನು ಒಳಗೆ ಬಿಟ್ಟರೆ ಸಾಲದು, ಮಾಡುವವರ ಸಾಲಿನಲ್ಲಿಯೂ ಎಲ್ಲರಿಗೆ ಎಡೆಯಿರಬೇಕಷ್ಟೆ. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ಅರವಾಣಿ ಕಲಾ ಯೋಜನೆಯಲ್ಲಿ, ನಾವು ಸಿಗ್ನಲ್ಲಿನಲ್ಲಿ ಮುಖ ತಿರುಗಿಸಿಕೊಳ್ಳುವ ಲಿಂಗತ್ವ ಅಲ್ಪಸಂಖ್ಯಾತ ಸೋದರಿಯರು ನಗರದ ಗೋಡೆಗಳ ಮೇಲೆ ಚಿತ್ರ ಬರೆಯುತ್ತಾರೆ. 2024ರಲ್ಲಿ ಅವರ ಕೃತಿ ಇಟಲಿಯ ವೆನಿಸ್ ಬಿನಾಲೆಯನ್ನು ತಲುಪಿತು. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯದಲ್ಲಿ ಕಣ್ಣು ಕಾಣದವರು ಮುಟ್ಟಿ ನೋಡುವಂತೆ ಕೆಲವು ಕೃತಿಗಳ ಪ್ರತಿರೂಪಗಳನ್ನು ಮಾಡಿಟ್ಟಿದ್ದಾರೆ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ನನ್ನ ಪ್ರಸಾದನಿಲಯದ ಸಹಪಾಠಿಯೊಬ್ಬರನ್ನು ಅಲ್ಲಿಗೆ ಕರೆದೊಯ್ದೆ. ಅವರ ಬೆರಳು ಉಬ್ಬುರೇಖೆಯ ಮೇಲೆ ನಿಧಾನವಾಗಿ ಚಲಿಸುವುದನ್ನು ನೋಡಿ ನಾವು ಉಳಿದವರು ಎಷ್ಟು ಅವಸರದಲ್ಲಿ ನೋಡುತ್ತೇವೆಂದು ನಾಚಿಕೆಯಾಯಿತು.

ಕೊರತೆಗಳು ಉಳಿದೇ ಇವೆ. ಹಲವು ಖಾಸಗಿ ಗ್ಯಾಲರಿಗಳು ಭಾನುವಾರ ಮುಚ್ಚಿರುತ್ತವೆ; ದುಡಿಯುವವನಿಗೆ ಬಿಡುವಿರುವುದು ಆ ದಿನವೇ. ಕನ್ನಡದ ಫಲಕಗಳು ಅಪರೂಪ. ಇದ್ದರೂ ಕೆಲವನ್ನು ಕನ್ನಡಕ್ಕೇ ಮತ್ತೊಮ್ಮೆ ಭಾಷಾಂತರಿಸಬೇಕು. ಚಿತ್ರಕಲಾ ಪರಿಷತ್ತಿನವರು 2004ರಲ್ಲಿ ಆರಂಭಿಸಿದ ಚಿತ್ರಸಂತೆ ಈ ಮಟ್ಟಿಗೆ ಉಪಕಾರಿ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ಸಂತೆಯವರಂತೆ ಬಯಲಿನಲ್ಲಿ ಕೂರುತ್ತಾರೆ, ಬೆಲೆ ಕೇಳಲು ಯಾರೂ ಅಂಜುವುದಿಲ್ಲ. ನಮ್ಮವರು ಅಲ್ಲಿ ಇನ್ನೂರು ರೂಪಾಯಿಗೆ ಕೊಂಡ ಹೂಜಿಯ ಚಿತ್ರ ಅಡಿಗೆಮನೆಯಲ್ಲಿದೆ. ಅಲ್ಲೇಕೆ ಎಂದರೆ, ತಾವು ಹೆಚ್ಚು ಹೊತ್ತು ಇರುವುದು ಅಲ್ಲೇ ಅಲ್ಲವೇ ಎನ್ನುತ್ತಾರೆ.

ಮಗಳು ನಮ್ಮ ಗುಂಪಿನೊಡನೆ ಎರಡು ಸಲ ಬಂದಿದ್ದಾಳೆ. ಹಳೆಯ ಸಂಗತಿಯನ್ನು ನಾನು ಒಮ್ಮೆ ಎತ್ತಿದೆ. “ಈಗ ಬಿಡಿ ಅಪ್ಪಾಜಿ” ಎಂದಳು. ಬಿಡುವುದು ಅವಳಿಗೆ ಸಾಧ್ಯವಾಯಿತೋ ಇಲ್ಲವೋ, ಆ ಮಾತಿನಿಂದ ತಿಳಿಯುವಂತಿರಲಿಲ್ಲ. ಆದರೆ ಕಳೆದ ದೀಪಾವಳಿಗೆ ಬಂದವಳು ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತ, “ನಿಮ್ಮ ಹತ್ರ ಹಳೇ ಬ್ಲೂಪ್ರಿಂಟ್ ಏನಾದರೂ ಉಳಿದಿದೆಯಾ?” ಎಂದು ಕೇಳಿದಳು. ಎರಡು ದಿನ ಅಟ್ಟವನ್ನೆಲ್ಲ ಹುಡುಕಿದೆ. ಮೂರು ಹಾಳೆಗಳು ಸಿಕ್ಕವು, ಅಂಚು ಮಾಸಿದ್ದರೂ ಹಿಂಬದಿ ಖಾಲಿಯಾಗಿತ್ತು. ಸುರುಳಿ ಸುತ್ತಿ, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ, ವೈಟ್‌ಫೀಲ್ಡಿನ ಅವಳ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ಏನು ಬರೆಯುತ್ತಿದ್ದಾಳೆಂದು ಈವರೆಗೆ ಕೇಳಿಲ್ಲ.