ತೋಳ ಓಡಾಡಿದ ಬೀಳು

ನಮ್ಮೂರು ಚಿಕ್ಕರಸಿನಕೆರೆಯ ಸುತ್ತ ಇವತ್ತು ಎತ್ತ ತಿರುಗಿದರೂ ಕಬ್ಬು, ಭತ್ತ. ಒಂದು ಕಾಲಕ್ಕೆ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೊಲದ ಪಕ್ಕಕ್ಕೇ ಬೀಳು ಇರುತ್ತಿತ್ತು. ತಂಗಡಿ, ಬಂದರೆ, ಕಾರೆಮುಳ್ಳು, ನಡುನಡುವೆ ಹುಲ್ಲು. ಕನ್ನಂಬಾಡಿ ಕಟ್ಟೆಯಾಗಿ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ನಮ್ಮ ಸೀಮೆ ಹೊಟ್ಟೆ ತುಂಬ ಅನ್ನ ಕಂಡಿತು. ಆ ಋಣ ದೊಡ್ಡದು. ಆದರೆ ಬೀಳು ಗದ್ದೆಯಾದ ಹಾಗೆಲ್ಲ ಕುರಿಮಂದೆ ಕರಗಿತು, ಮಂದೆಯ ಹಿಂದೆಯೇ ತೋಳವೂ ಹೋಯಿತು.

ಅವ್ವನ ತವರು ಮಳವಳ್ಳಿ ಕಡೆ, ಬಂಡೂರು ಕುರಿಯ ಸೀಮೆ. ಗಿಡ್ಡ ಕಾಲಿನ, ಮೈದುಂಬಿದ ಕುರಿ ಅದು. ಸುಗ್ಗಿ ಮುಗಿದರೆ ಹೊಲದವರು ಗೊಬ್ಬರಕ್ಕೆಂದು ಮಂದೆ ಕಟ್ಟಿಸಿ, ಕುರಿಯವರಿಗೆ ರಾಗಿ ಅಳೆದುಕೊಡುತ್ತಿದ್ದರಂತೆ. ಸುತ್ತ ಬಿದಿರಿನ ತಡಿಕೆ, ಮೂಲೆಯಲ್ಲಿ ಬೆಂಕಿ. ಕಂಬಳಿ ಹೊದ್ದವರು ಸರದಿಯ ಮೇಲೆ ಎದ್ದು ಕೂಗು ಹಾಕಬೇಕು. ನಾಯಿ ಬೊಗಳುವ ದನಿ ಬದಲಾಯಿತೆಂದರೆ ಎಲ್ಲರೂ ದೊಣ್ಣೆ ಹಿಡಿದು ಏಳುವರು.

ಮಕ್ಕಳಿಗೆ ಅಂಥ ಬೀಳು ನೆಲ ತೋರಿಸೋಣವೆಂದು ಮನೆಮಂದಿಯೆಲ್ಲ ಊರ ಬಸವಪ್ಪನಿಗೆ ಕೈಮುಗಿದು ಮೇಲುಕೋಟೆಗೆ ಹೊರಟೆವು. ಚೆಲುವನಾರಾಯಣನ ದರ್ಶನ, ಪುಳಿಯೋಗರೆ ಮುಗಿಸಿ ಮರಳುವವರೇ ಅಲ್ಲಿ ಹೆಚ್ಚು. ಆ ಬೆಟ್ಟದ ಸುತ್ತಿನ ಕುರುಚಲು ಕಾಡನ್ನು 1974ರಲ್ಲಿ, ತೋಳವನ್ನು ಉಳಿಸಲೆಂದೇ ವನ್ಯಜೀವಿಧಾಮ ಮಾಡಿದರು. ಸುಮಾರು 50 ಚದರ ಕಿಲೋಮೀಟರ್ ಜಾಗ. ಮಂಡ್ಯದವರಾದ ನಮ್ಮಲ್ಲೇ ಎಷ್ಟು ಜನಕ್ಕೆ ಇದು ಗೊತ್ತು?

ರಸ್ತೆ ಬದಿಯಲ್ಲಿ ಕಾರಿನಿಂದಿಳಿದೆವು. ಅವ್ವ ಎಲ್ಲರಿಗಿಂತ ಮೊದಲು ಒಂದು ಕಾರೆಗಿಡ ಗುರುತಿಸಿ, ಮುಳ್ಳು ಸರಿಸಿ, ಕಾಯಿ ಹುಡುಕಿದಳು. "ಇದ್ನೇ ಮಡಿಲು ತುಂಬ್ಕಂಡು ತಿಂತಿದ್ದೊ."

"ಅಜ್ಜಿ, ತೋಳ ಎಲ್ಲಿ?" ಅಂದಳು ಮಗಳು.

"ಹುಲ್ಲಿರೋ ಕಡೆ ಇರ್ತದೆ ಮಗ. ಇಲ್ಲಿ ಬರೀ ಪೊದೆ ಮುಚ್ಕಂಡದೆ."

ನಾವು ನಿಂತ ಕಡೆ ಲಂಟಾನ ಆಳೆತ್ತರಕ್ಕೆ ಹಬ್ಬಿತ್ತು. ಅವ್ವ ಹೇಳಿದ್ದು ನಿಜ. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ದೂರಕ್ಕೆ ಕಣ್ಣು ಹಾಯಬೇಕು, ಅಟ್ಟಿಸಿಕೊಂಡು ಓಡಲು ಬಯಲು ಬೇಕು, ಮರಿ ಹಾಕಲು ಗದ್ದಲವಿಲ್ಲದ ಒಂದು ಬಿಲ ಬೇಕು. ಹುಲಿಗೆ, ಆನೆಗೆ ಕಾಡು ಉಳಿಸಬೇಕೆಂದರೆ ಎಲ್ಲರೂ ಒಪ್ಪುತ್ತಾರೆ. ಹುಲ್ಲಿನ ಬಯಲನ್ನು ಮಾತ್ರ ನಾಡಿನ ಉದ್ದಕ್ಕೂ ಖರಾಬು ಎಂದು ಬರೆದುಕೊಂಡು, ನೀಲಗಿರಿ ನೆಟ್ಟು, ಹಸಿರು ಮಾಡಿದೆವೆಂದು ಬೀಗಿದೆವು. ನೆಟ್ಟ ಮರವೂ ಒಂದು ಕಾಡುಪ್ರಾಣಿಯ ಮನೆ ಮುರಿಯುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ತೀರಾ ಸಂಕಟವಾಗುವುದು ಇದಕ್ಕೇ.

"ತೋಳನ ಕಂಡ್ರೆ ಸಾಯಿಸ್ತಿದ್ರಾ?" ಮಗ ಬಿಡಲಿಲ್ಲ.

ಅವ್ವ ಸುಮ್ಮನೆ ಯೋಚಿಸಿದಳು. "ಹೊಡೆಯೋರೂ ಇದ್ರು. ತೋಳ ಕುರಿ ಹೊತ್ಕಂಡೋದ್ರೆ ನಮ್ಮಪ್ಪ ಬಯ್ಕೊಳ್ತಿದ್ದ, ಎದೆ ಬಡ್ಕೊಳ್ತಿದ್ದ. ಆಮೇಲೆ, ಅದರ ಪಾಲು ಅದು ತಕ್ಕಂಡೋಯ್ತು ಅನ್ನೋನು."

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವಾಗಿದೆ, ಅಲ್ಲಿ ಮರಿಗಳೂ ಆಗಿವೆ. ಓದಿದಾಗ ಖುಷಿಯಾಯಿತು, ನಮ್ಮ ಮೇಲುಕೋಟೆ ನೆನೆದು ಹೊಟ್ಟೆ ಉರಿಯಿತು. ಅವ್ವನ ಮಂಡಿನೋವಿಗೆ ಅಷ್ಟು ದೂರದ ಪ್ರಯಾಣ ಆಗದು. ಬೇಸಿಗೆ ರಜೆಗೆ ಮಕ್ಕಳನ್ನಾದರೂ ಕರೆದೊಯ್ಯಬೇಕು.