ಅರ್ಧ ಹೂವಿನ ಕೆಳಗೆ

ಸಂಶೋಧನೆಗೆಂದು ಡಬ್ಲಿನ್ನಿಗೆ ಬಂದ ಮೊದಲ ವರ್ಷ ನನಗೆ ಸಿಕ್ಕಿದ್ದು ಲಿಫಿ ನದಿಯ ಉತ್ತರಕ್ಕಿರುವ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ ಅರ್ಧ ಕೋಣೆ. ಅರ್ಧ ಎನ್ನುವುದು ಮಾತಿಗಲ್ಲ. ಎತ್ತರದ, ವಿಶಾಲವಾದ ಕೋಣೆಯೊಂದರ ನಡುವೆ ಜಿಪ್ಸಮ್ ಹಲಗೆಯ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮಲಗಿ ಮೇಲೆ ನೋಡಿದರೆ ಸೂರಿನ ನಡುವಿನ ಗಾರೆಯ ಹೂವು ಸರಿಯಾಗಿ ಅರ್ಧಕ್ಕೆ ನಿಂತಿರುತ್ತಿತ್ತು. ಉಳಿದರ್ಧ ಗೋಡೆಯಾಚೆ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವ ಬ್ರೆಜಿಲಿನ ಹುಡುಗಿಯ ಪಾಲಿಗೆ.

ಇವನ್ನು ಜಾರ್ಜಿಯನ್ ಮನೆಗಳು ಅನ್ನುತ್ತಾರೆ. ಜಾರ್ಜಿಯಾ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ (ನಾನೂ ಮೊದಲು ಹಾಗೇ ತಿಳಿದಿದ್ದೆ). 1714ರಿಂದ 1830ರವರೆಗೆ ಒಬ್ಬರ ಹಿಂದೊಬ್ಬರು ಬ್ರಿಟನ್ನಿನ ಗದ್ದುಗೆಯೇರಿದ ನಾಲ್ವರು ಜಾರ್ಜ್ ದೊರೆಗಳಿಂದ ಬಂದ ಹೆಸರು. ಹೊರಗಿನಿಂದ ನೋಡಿದರೆ ಈ ಮನೆಗಳಲ್ಲಿ ಏನೂ ಇಲ್ಲ: ಪಕ್ಕದ ಮನೆಗೆ ಅಂಟಿಕೊಂಡ ಚಪ್ಪಟೆ ಇಟ್ಟಿಗೆ ಗೋಡೆ, ಸಾಲಾಗಿ ಕಿಟಕಿ, ಒಂದು ಬಾಗಿಲು. ಕಿಟಕಿಗಳನ್ನು ಓದಲು ಕಲಿತರೆ ಮಾತ್ರ ಒಳಗಿನ ದರ್ಜೆ ತಿಳಿಯುತ್ತದೆ. ಅತಿಥಿಗಳನ್ನು ಕೂರಿಸುವ ಮಹಡಿಯ ಕಿಟಕಿ ಎಲ್ಲಕ್ಕಿಂತ ಎತ್ತರ. ಮೇಲೆ ಹೋದಂತೆ ಗಿಡ್ಡವಾಗುತ್ತ ಹೋಗಿ, ಮಕ್ಕಳು, ಆಳುಗಳು ಮಲಗುವಲ್ಲಿ ಚೌಕಕ್ಕೆ ಬಂದು ನಿಲ್ಲುತ್ತವೆ. ಅಡುಗೆಮನೆ ನೆಲದ ಕೆಳಗೆ. ಕಿಟಕಿಯನ್ನು ಮೇಲಕ್ಕೆ ಸರಿಸಬೇಕು. ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಲೋಹದ ತೂಕವೊಂದು ಬಾವಿಯ ಕೊಡದಂತೆ ಕೆಳಗಿಳಿದು ಅದನ್ನು ಎತ್ತಿ ಹಿಡಿಯುತ್ತದೆ. ನನ್ನ ಕಿಟಕಿಯ ಹಗ್ಗ ಹರಿದಿತ್ತು. ಒಂದು ದಪ್ಪ ನಿಘಂಟನ್ನು ಅಡಿಗಿಟ್ಟು ತೆರೆಯುತ್ತಿದ್ದೆ.

ಒಂಟಿ ಗಾಜಿನ ಆ ಕಿಟಕಿಯಿಂದ ಚಳಿ ನುಗ್ಗುತ್ತದೆಂದು ಮಾಲೀಕರಿಗೆ ಹೇಳಿದಾಗ, ಇದು ಸಂರಕ್ಷಿತ ಕಟ್ಟಡ, ಕಿಟಕಿ ಮುಟ್ಟಲು ಅನುಮತಿ ಬೇಕು ಅಂದರು. ಸುಳ್ಳಲ್ಲ. ಐರ್ಲೆಂಡಿನಲ್ಲಿ ಯೋಜನಾ ಕಾಯಿದೆಯಂತೆ ಪಟ್ಟಿಗೆ ಸೇರಿದ ಕಟ್ಟಡದ ಹೊರಮೈ ಮಾತ್ರವಲ್ಲ, ಒಳಭಾಗಕ್ಕೂ ರಕ್ಷಣೆಯಿದೆ. ಹಾಗಾದರೆ ಹೂವಿನ ನಡುವೆ ಹಾದ ಗೋಡೆ? ಅದನ್ನು ಕೇಳುವ ಧೈರ್ಯ ಆಗಲಿಲ್ಲ. ಬಾಡಿಗೆ ಕೋಣೆ ಸಿಗುವುದೇ ದುಸ್ತರವಾದ ಊರು ಅದು.

ಆ ಸಿಟ್ಟಿನಲ್ಲೇ ಒಂದು ಶನಿವಾರ ಹೆನ್ರಿಯೆಟ್ಟಾ ಬೀದಿಯ 14ನೇ ನಂಬರಿನ ಮನೆಗೆ ಹೋದೆ. ಈಗದು ವಸ್ತುಸಂಗ್ರಹಾಲಯ. 1740ರ ದಶಕದ ಕೊನೆಯಲ್ಲಿ ಲ್ಯೂಕ್ ಗಾರ್ಡಿನರ್ ಕಟ್ಟಿಸಿದ ಮನೆ. ಮೊದಲು ವಾಸವಿದ್ದವರು ಮೋಲ್ಸ್‌ವರ್ತ್ ಎಂಬ ವೈಕೌಂಟ್ ಮತ್ತವರ ಕುಟುಂಬ. 1801ರಲ್ಲಿ ಡಬ್ಲಿನ್ನಿನ ಪಾರ್ಲಿಮೆಂಟು ಲಂಡನ್ನಿನದರಲ್ಲಿ ಲೀನವಾಯಿತು, ಶ್ರೀಮಂತರೂ ಹಿಂದೆಯೇ ಹೊರಟರು. ಮಹಾಕ್ಷಾಮದ ನಂತರ ಸಾಲದಲ್ಲಿ ಮುಳುಗಿದ ಜಮೀನುಗಳನ್ನು ಮಾರಿಸುವ ನ್ಯಾಯಾಲಯ ಈ ಮನೆಯಲ್ಲೇ ಕೂತಿತು. ಆಮೇಲೆ ಸೈನಿಕರು. 1877ರಲ್ಲಿ ಥಾಮಸ್ ವ್ಯಾನ್ಸ್ ಎಂಬ ಮಾಲೀಕ ಬಂದು, ಜಾಗ ತಿನ್ನುತ್ತಿದ್ದ ಭವ್ಯ ಮೆಟ್ಟಿಲನ್ನೇ ಕಿತ್ತು, ಇಡೀ ಮನೆಯನ್ನು 19 ಬಿಡಾರ ಮಾಡಿದ. ವೈಕೌಂಟನ ಒಂದು ಮನೆತನವಿದ್ದಲ್ಲಿ 1911ರ ಜನಗಣತಿಯ ಹೊತ್ತಿಗೆ ಇದ್ದದ್ದು 100 ಜನ.

ನಾನು ಗಾರೆಯ ಹೂಬಳ್ಳಿ ನೋಡಲು ಹೋದವಳು. ನಿಂತುಬಿಟ್ಟದ್ದು ಮೆಟ್ಟಿಲ ಪಕ್ಕದ ಗೋಡೆಯೆದುರು. ಕೆಂಪು ಮತ್ತು ನೀಲಿ, ಅಲ್ಲಲ್ಲಿ ಸಿಪ್ಪೆಯೆದ್ದ ಬಡವರ ಬಣ್ಣ. ಅದನ್ನು ಕೆರೆದು ಹದಿನೆಂಟನೇ ಶತಮಾನದ ಬಣ್ಣ ಬಳಿಯಬಹುದಿತ್ತು. ದುರಸ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿದಿದೆ. ಬಳಿಯಲಿಲ್ಲ. ಗೋಡೆಯ ಕಾಗದದ ಪದರಗಳು, ಲಿನೋಲಿಯಂ ಚೂರುಗಳನ್ನೂ ಹುಡುಕಿ ಉಳಿಸಿದ್ದಾರೆ. 1970ರ ದಶಕದ ಕೊನೆಯವರೆಗೂ ಅಲ್ಲಿ ಬಾಡಿಗೆಯವರಿದ್ದರು. ಅಲ್ಲಿ ಬದುಕಿದವರ ನೆನಪುಗಳನ್ನೂ ಕೂಡಿಸಿದ್ದಾರೆ. ಕೆಂಪು ಎಂದರೆ ಕುರಿಗಳಿಗೆ ಗುರುತು ಹಾಕುವ ಕೆಮ್ಮಣ್ಣಿನ ಬಣ್ಣ, ನೀಲಿ ಎಂದರೆ ರೆಕಿಟ್ಸ್ ಬ್ಲೂ ಅಂದಳು ಮಾರ್ಗದರ್ಶಿ. ಬಟ್ಟೆಗೆ ಹಾಕುವ ನೀಲಿ! ನಮ್ಮ ಬಚ್ಚಲಿನ ಗೂಡಿನಲ್ಲಿರುತ್ತಿದ್ದ ರಾಬಿನ್ ಬ್ಲೂ ಕೂಡ ಅದೇ ಕಂಪನಿಯದು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಫೋಟೊ ತೋರಿಸಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಸುಣ್ಣಕ್ಕೆ ನಾವೂ ನೀಲಿ ಹಾಕ್ತಿದ್ವಲ್ಲೇ. ಹಾಕದಿದ್ರೆ ಗೋಡೆ ಹಳದಿ ಹೊಡೆಯುತ್ತೆ. ಬುಡಕ್ಕೆ ಕೆಮ್ಮಣ್ಣು ಬಳಿದ್ರೆ ಕೈ ಕೊಳೆ, ಕೆಸರು ಕಾಣಲ್ಲ."

"ಇದು ಅರಮನೆಯಂಥ ಮನೆ ಅಮ್ಮ."

"ಬಳಿದವರು ಅರಮನೆಯವರಲ್ಲವಲ್ಲ."

ಇಂಥ ಬಿಡಾರಗಳನ್ನು ನಾನು ಹೊಗಳುತ್ತಿಲ್ಲ. ಹೆನ್ರಿಯೆಟ್ಟಾ ಬೀದಿಗೆ ತಾಗಿಯೇ ಇರುವ ಬೋಲ್ಟನ್ ಬೀದಿಯಲ್ಲಿ 1963ರ ಜೂನಿನಲ್ಲಿ ಹಳೆಯ ಮನೆ ಕುಸಿದು ವೃದ್ಧ ದಂಪತಿ ಸತ್ತರು; ಹತ್ತು ದಿನಗಳಲ್ಲಿ ಫೆನಿಯನ್ ಬೀದಿಯಲ್ಲಿ ಇನ್ನೊಂದು ಕುಸಿದು ಇಬ್ಬರು ಪುಟ್ಟ ಹುಡುಗಿಯರು. ಆಮೇಲೆ ಎಷ್ಟೋ ಮನೆಗಳನ್ನು ಕೆಡವಿದರು. ನೀಲಿ ಗೋಡೆಯ ಮುಂದೆ ನಿಂತಾಗ ಚಂದವೆನಿಸಿದ್ದಕ್ಕೆ ನನಗೇ ಇರುಸುಮುರುಸಾಯಿತು. ಇನ್ನೂ ಒಂದು ತೊಡಕು. ವ್ಯಾನ್ಸ್ ಮಾಡಿದ್ದಕ್ಕೂ ನಮ್ಮ ಮಾಲೀಕರು ಮಾಡಿದ್ದಕ್ಕೂ ಏನು ವ್ಯತ್ಯಾಸ? ನೂರೈವತ್ತು ವರ್ಷವಾದರೆ ನನ್ನ ಜಿಪ್ಸಮ್ ಗೋಡೆಯನ್ನೂ ಯಾರಾದರೂ ಜತನ ಮಾಡಿ, ಇಲ್ಲಿ ವಿದ್ಯಾರ್ಥಿಗಳಿದ್ದರು ಎಂದು ತೋರಿಸುತ್ತಾರೇನೋ. ನನ್ನನ್ನು ಕೇಳಿದರೆ ನಾಳೆಯೇ ಅದನ್ನು ಒಡೆಯಲಿ. ಆದರೆ ಅದಕ್ಕೆ ನಾನು ನೇತುಹಾಕಿದ ಕ್ಯಾಲೆಂಡರಿನ ಮೊಳೆಯ ತೂತು ಹೋಗಲಿ ಎನ್ನಲು ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ಕೋಣೆ ಬಿಡುವ ವಾರ ಪಕ್ಕದವಳ ಬಾಗಿಲು ತಟ್ಟಿ, ನಿನ್ನ ಪಾಲಿನ ಹೂವಿನ ಫೋಟೊ ತೆಗೆದು ಕೊಡು ಅಂದೆ. ಅವಳು ನಿದ್ದೆಗಣ್ಣಲ್ಲೇ ಮಂಚ ಹತ್ತಿ ತೆಗೆದಳು. ಎರಡೂ ಫೋಟೊಗಳನ್ನು ಜೋಡಿಸಿ ನೋಡಿದೆವು. ದಳಗಳು ಕೂಡಿದವು, ಅಂಚು ಕೂಡಲಿಲ್ಲ. ಅವಳ ಕಡೆ ಬಣ್ಣದ ಮೇಲೆ ಬಣ್ಣ ಬಳಿದು ಎಲೆಯ ನರಗಳೆಲ್ಲ ಮುಚ್ಚಿಹೋಗಿದ್ದವು.